ಹಾಡು ಬಿಟ್ಟರೆ ಪೊಲೀಸರಿಗೆ ತಿಳಿಸಬೇಕು: ಡಿಗ್ಗಾ ಡಿ ಪ್ರಕರಣ

2022ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೆ ಡ್ರಿಲ್ ಎಂಬ ರ‍್ಯಾಪ್ ಪ್ರಕಾರದ ಒಂದು ಮಿಕ್ಸ್‌ಟೇಪ್, ಅಂದರೆ ಹಾಡುಗಳ ಸಂಗ್ರಹ, ಬಂತು. ಹೆಸರು 'ನಾಟಿ ಬೈ ನೇಚರ್'. ಹಾಡಿದವನು ಡಿಗ್ಗಾ ಡಿ, ವಯಸ್ಸು 21. ಅಂಥ ಯಶಸ್ಸು ಕಂಡ ಬೇರೆ ಗಾಯಕರಿಗೆಲ್ಲ ಇಲ್ಲದ ಒಂದು ಕಟ್ಟುಪಾಡು ಇವನಿಗೆ ಇತ್ತು. ಹೊಸ ಹಾಡು ಇಂಟರ್‌ನೆಟ್‌ಗೆ ಹಾಕಿದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಹಾಡಿನ ಸಾಲುಗಳನ್ನೂ ಕೊಡಬೇಕು. ಆ ಸಾಲುಗಳು ಹಿಂಸೆಗೆ ಕುಮ್ಮಕ್ಕು ಕೊಡುತ್ತವೆ ಎಂದು ಕೋರ್ಟಿಗೆ ಅನ್ನಿಸಿದರೆ ಮತ್ತೆ ಜೈಲಿಗೆ ಹೋಗಬೇಕು.

ಇಷ್ಟು ಕೇಳಿದ ಕೂಡಲೇ ಜನ ಎರಡು ಪಕ್ಷ ಆಗುತ್ತಾರೆ. ಒಂದು ಪಕ್ಷಕ್ಕೆ ಇವನು ರೌಡಿ, ಸಂಗೀತ ಬರೀ ನೆಪ. ಇನ್ನೊಂದು ಪಕ್ಷಕ್ಕೆ ಇವನು ಕಲಾವಿದ, ಪೊಲೀಸರು ಸುಮ್ನೆ ಬೆನ್ನು ಬಿದ್ದಿದ್ದಾರೆ. ದಾಖಲೆ ನೋಡುತ್ತಾ ಹೋದರೆ ಎರಡೂ ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ಇರುವುದು ಮೂರು ಬೇರೆ ಬೇರೆ ವಿಷಯ: 2017ರ ಮಚ್ಚಿನ ಕೇಸು, 2018ರಿಂದ ಶುರುವಾದ ಹಾಡಿನ ಕಾವಲು, 2024ರ ಗಾಂಜಾ ಕೇಸು. ಮೂರನ್ನೂ ಒಂದೇ ಗಂಟು ಕಟ್ಟಿದ್ದರಿಂದಲೇ ಇಡೀ ಚರ್ಚೆ ದಾರಿ ತಪ್ಪಿತು ಅನ್ನುವುದು ನನ್ನ ಅಭಿಪ್ರಾಯ. ಆದ್ದರಿಂದ ಮೂರನ್ನೂ ಬಿಡಿಸಿ ನೋಡೋಣ.

ಹುಡುಗ, ಏರಿಯಾ, ಸಂಗೀತ

ಡಿಗ್ಗಾ ಡಿಯ ನಿಜ ಹೆಸರು ರೈಸ್ ಹರ್ಬರ್ಟ್. ಹುಟ್ಟಿದ್ದು 2000ದ ಜೂನ್‌ನಲ್ಲಿ. ಬೆಳೆದದ್ದು ಪಶ್ಚಿಮ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ, ಕೆರಿಬಿಯನ್ ಮೂಲದ ಮನೆಯಲ್ಲಿ. ನಾಟಿಂಗ್ ಹಿಲ್ ಕಾರ್ನಿವಲ್ ನಡೆಯುವುದು ಇದೇ ಬೀದಿಗಳಲ್ಲಿ. ಕೋಟಿಗಟ್ಟಲೆ ಬೆಲೆಯ ಬಿಳಿ ಮನೆಗಳೂ ಬಡವರಿಗೆಂದು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕಟ್ಟಿದ ಅಪಾರ್ಟ್‌ಮೆಂಟುಗಳೂ ಇಲ್ಲಿ ಅಕ್ಕಪಕ್ಕದಲ್ಲೇ ಇವೆ. 2017ರ ಜೂನ್ 14ರಂದು ಬೆಂಕಿಗೆ ಸಿಕ್ಕಿ 72 ಜನರನ್ನು ಬಲಿ ತೆಗೆದುಕೊಂಡ ಗ್ರೆನ್‌ಫೆಲ್ ಟವರ್ ಕೂಡ ಇದೇ ಭಾಗದ್ದು. ಬಡವರ ಮನೆಗೆ ಯಾರೂ ಗಮನ ಕೊಡುವುದಿಲ್ಲ ಎಂಬ ಮಾತು ಆ ವರ್ಷ ಇಲ್ಲಿ ಮನೆಮನೆಯಲ್ಲಿ ಇತ್ತು.

ಡಿಗ್ಗಾ ಡಿ ಇದ್ದ ಹುಡುಗರ ಗುಂಪಿನ ಹೆಸರು 1011, ಹೇಳುವಾಗ 'ಟೆನ್ ಇಲೆವೆನ್'. ಡಬ್ಲ್ಯೂ 10 ಮತ್ತು ಡಬ್ಲ್ಯೂ 11 ಆ ಭಾಗದ ಪೋಸ್ಟ್‌ಕೋಡುಗಳು. ಪಕ್ಕದ ಶೆಫರ್ಡ್ಸ್ ಬುಷ್ ಡಬ್ಲ್ಯೂ 12. ಅಲ್ಲಿನ ಗುಂಪಿನ ಹೆಸರು 12ವರ್ಲ್ಡ್. ಎರಡು ಗುಂಪುಗಳ ಮಧ್ಯೆ ಹಗೆ. ನಡೆದುಕೊಂಡು ಹೋದರೂ ಬೇಗ ಮುಟ್ಟುವಷ್ಟು ಹತ್ತಿರದ ಏರಿಯಾಗಳು ಇವು. ಆದರೆ ಆ ಗಡಿ ದಾಟುವುದು ಹದಿನಾರು ವರ್ಷದ ಹುಡುಗನಿಗೆ ಪ್ರಾಣದ ಮಾತಾಗಿತ್ತು.

ಡ್ರಿಲ್ ಹುಟ್ಟಿದ್ದು ಇಲ್ಲಲ್ಲ, ಅಮೆರಿಕದ ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿ. 2012ರ ಹೊತ್ತಿಗೆ ಚೀಫ್ ಕೀಫ್ ಎಂಬ ಹದಿಹರೆಯದ ಹುಡುಗ ಅದನ್ನು ದೇಶಕ್ಕೆಲ್ಲ ಕೇಳಿಸಿದ. ಅದೇ ವರ್ಷಗಳಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಕಡೆಯ ಹುಡುಗರು ಅದನ್ನು ಎತ್ತಿಕೊಂಡು ತಮ್ಮದಾಗಿ ಮಾಡಿಕೊಂಡರು. ಲಂಡನ್ನಿನ ಡ್ರಿಲ್‌ನಲ್ಲಿ ಬೀಟಿನ ವೇಗ ನಿಮಿಷಕ್ಕೆ ಸುಮಾರು 140. ಬೇಸ್, ಅಂದರೆ ತಗ್ಗಿನ ದನಿ, ಒಂದೇ ಕಡೆ ನಿಲ್ಲದೆ ಮೇಲಿಂದ ಕೆಳಕ್ಕೆ ಜಾರುತ್ತದೆ. ಸ್ನೇರ್ ಎಂಬ ಡ್ರಮ್ಮಿನ ಪೆಟ್ಟು ನಾವು ಕಾಯುವ ಜಾಗದಲ್ಲಿ ಬೀಳದೆ ಸ್ವಲ್ಪ ತಡವಾಗಿ ಬೀಳುತ್ತದೆ. ಅದರ ಮೇಲೆ ಮಾತು ತಣ್ಣಗೆ, ಏರಿಳಿತ ಇಲ್ಲದೆ ಹೋಗುತ್ತಿರುತ್ತದೆ. ಕೋಪದ ಮಾತನ್ನು ಕೋಪ ಇಲ್ಲದೆ ಹೇಳುವ ಈ ರೀತಿಯೇ ಕೇಳುವವರ ಬೆನ್ನಲ್ಲಿ ಚಳಿ ಹುಟ್ಟಿಸುವುದು. ಈ ಲಂಡನ್ ಬೀಟುಗಳೇ ಮುಂದೆ ನ್ಯೂಯಾರ್ಕಿಗೆ ಹೋದವು. ಬ್ರೂಕ್ಲಿನ್ನಿನ ಪಾಪ್ ಸ್ಮೋಕ್ 2019ರಲ್ಲಿ ಹೆಸರು ಮಾಡಿದ್ದು ಲಂಡನ್ನಿನ ನಿರ್ಮಾಪಕ 808ಮೆಲೋನ ಬೀಟುಗಳ ಮೇಲೆ. ಶಿಕಾಗೋದ್ದು ಲಂಡನ್ನಿಗೆ ಬಂದು, ಬದಲಾಗಿ, ಮತ್ತೆ ಅಮೆರಿಕಕ್ಕೆ ಹೋಯಿತು. ಬರೀ ರೌಡಿಗಳ ಗಲಾಟೆಯಾಗಿದ್ದರೆ ಇದು ಇಷ್ಟು ದೂರ ಹೋಗುತ್ತಿರಲಿಲ್ಲ.

ಡ್ರಿಲ್‌ಗೆ ಒಂದು ಕೆಟ್ಟ ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಾಡಿನಲ್ಲಿ 'ಆಪ್ಸ್' ಅಂದರೆ ಎದುರಾಳಿ ಗುಂಪು. ಅವರನ್ನು ಹೆಸರು ಹಿಡಿದು ಬೈಯುವುದು, ಚಾಕು ಇರಿತಕ್ಕೆ ಸಿಕ್ಕವನನ್ನು ಗೇಲಿ ಮಾಡುವುದು, ಸತ್ತವನ ಹೆಸರನ್ನೂ ಬಿಡದಿರುವುದು ಈ ಪ್ರಕಾರದ ಒಂದು ಚಾಳಿ. ಆ ಸತ್ತವನಿಗೆ ತಾಯಿ ಇರುತ್ತಾಳೆ. ಮಗನ ಸಾವನ್ನು ಆಡಿಕೊಳ್ಳುವ ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿ ಕುಣಿಯುತ್ತಿದ್ದಾರೆ ಅಂದರೆ ಆ ಮನೆಯಲ್ಲಿ ಏನಾಗಬೇಡ? ಪೊಲೀಸರ ವಾದದಲ್ಲಿ ನನಗೆ ತೂಕ ಕಾಣುವುದು ಇಲ್ಲೇ. ಕಲೆಯ ಸ್ವಾತಂತ್ರ್ಯದ ಬಗ್ಗೆ ಬರೆಯುವ ಎಷ್ಟೋ ಜನ ಈ ಮನೆಗಳನ್ನು ಮರೆತೇ ಬಿಡುತ್ತಾರೆ.

ಮಚ್ಚಿನ ಕೇಸು

2017ರ ನವೆಂಬರ್. 1011 ಗುಂಪಿನ ಹುಡುಗರು ಪೊಲೀಸರ ಕೈಗೆ ಸಿಕ್ಕರು. ಜೊತೆಗೆ ಮಚ್ಚುಗಳು, ಬೇಸ್‌ಬಾಲ್ ಬ್ಯಾಟುಗಳು ಇದ್ದವು. ಮ್ಯೂಸಿಕ್ ವಿಡಿಯೋ ಶೂಟಿಂಗಿಗೆ ಒಯ್ಯುತ್ತಿದ್ದೆವು ಅನ್ನುವುದು ಹುಡುಗರ ಮಾತು. 12ವರ್ಲ್ಡ್ ಹುಡುಗರ ಮೇಲೆ ಬೀಳಲು ಹೊರಟಿದ್ದರು ಅನ್ನುವುದು ಪೊಲೀಸರ ಮಾತು. ಕೋರ್ಟು ಒಪ್ಪಿದ್ದು ಪೊಲೀಸರ ಮಾತನ್ನು. ಹಿಂಸಾತ್ಮಕ ಗಲಭೆಗೆ ಒಳಸಂಚು ಮಾಡಿದ ಅಪರಾಧಕ್ಕೆ ಐವರಿಗೆ 2018ರಲ್ಲಿ ಶಿಕ್ಷೆ ಆಯಿತು. ಡಿಗ್ಗಾ ಡಿಗೆ ಆಗ ಇನ್ನೂ ಹದಿನೇಳು.

ಈ ಶಿಕ್ಷೆಯ ಬಗ್ಗೆ ನನಗೆ ತಕರಾರಿಲ್ಲ. ಮಚ್ಚು ಹಿಡಿದು ಇನ್ನೊಬ್ಬರ ಏರಿಯಾಕ್ಕೆ ಹೊರಟವರನ್ನು ದಾರಿಯಲ್ಲೇ ತಡೆದದ್ದು ಪೊಲೀಸರು ಮಾಡಬೇಕಾದ ಕೆಲಸ. ಆ ದಿನ ತಡೆಯದಿದ್ದರೆ ಯಾವುದೋ ಹುಡುಗ ಸಾಯಬಹುದಿತ್ತು. ಸತ್ತವನು ಡಿಗ್ಗಾ ಡಿಯೇ ಆಗಿರಬಹುದಿತ್ತು.

ಆ ಹೊತ್ತಿನ ಲಂಡನ್ ಹೇಗಿತ್ತು ಅನ್ನುವುದನ್ನೂ ಹೇಳಬೇಕು. 2018ರ ಮೊದಲ ತಿಂಗಳುಗಳಲ್ಲಿ ಚಾಕು ಇರಿತದ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಲಂಡನ್ನಿನ ಕೊಲೆಗಳು ನ್ಯೂಯಾರ್ಕಿಗಿಂತ ಜಾಸ್ತಿ ಆದವು ಎಂದು ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಸರ್ಕಾರಕ್ಕೂ ಪೊಲೀಸರಿಗೂ ಉತ್ತರ ಕೊಡಬೇಕಾದ ಒತ್ತಡ. ಯುವಕರ ಕೇಂದ್ರಗಳಿಗೆ ಕೊಡುವ ಹಣವನ್ನು 2010ರ ನಂತರ ಕಡಿಮೆ ಮಾಡುತ್ತಾ ಬಂದಿದ್ದರು, ಎಷ್ಟೋ ಕೇಂದ್ರಗಳ ಬಾಗಿಲು ಮುಚ್ಚಿತ್ತು. ಅದನ್ನು ಸರಿಪಡಿಸಲು ವರ್ಷಗಳೇ ಬೇಕು. ಯೂಟ್ಯೂಬ್‌ನಿಂದ ವಿಡಿಯೋ ತೆಗೆದುಹಾಕಿಸಲು ಒಂದು ಪತ್ರ ಸಾಕು. 2018ರ ಮೇ ತಿಂಗಳಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಮುಖ್ಯಸ್ಥೆ ಕ್ರೆಸಿಡಾ ಡಿಕ್ ಡ್ರಿಲ್ ಹಾಡುಗಳ ಹೆಸರೆತ್ತಿ ಯೂಟ್ಯೂಬ್ ಇವನ್ನು ತೆಗೆಯಬೇಕು ಎಂದರು. ಆ ತಿಂಗಳು ಮುಗಿಯುವುದರೊಳಗೆ 30ಕ್ಕೂ ಹೆಚ್ಚು ವಿಡಿಯೋಗಳು ಮಾಯವಾದವು.

1011ರ ಶಿಕ್ಷೆ ಪ್ರಕಟವಾದದ್ದು ಇದಾದ ಕೆಲವೇ ವಾರಕ್ಕೆ, ಜೂನ್‌ನಲ್ಲಿ. ಶಿಕ್ಷೆಯ ಜೊತೆಗೆ ಬಂದದ್ದೇ ಆ ಆದೇಶ.

ಆದೇಶದ ಒಳಗೆ ಏನಿದೆ

ಅದರ ಹೆಸರು ಕ್ರಿಮಿನಲ್ ಬಿಹೇವಿಯರ್ ಆರ್ಡರ್, ಚಿಕ್ಕದಾಗಿ ಸಿಬಿಒ. 2014ರ ಒಂದು ಕಾಯ್ದೆಯಲ್ಲಿ ಇದಕ್ಕೆ ಜಾಗ ಮಾಡಿದರು. ನಮ್ಮಲ್ಲಿ ರೌಡಿ ಶೀಟ್ ತೆರೆಯುವುದು, ಗಡಿಪಾರು ಮಾಡುವುದು ಇದೆಯಲ್ಲ, ಇದು ಆ ಜಾತಿಯದ್ದೇ. ಆದರೆ ಹೊರಡಿಸುವುದು ಪೊಲೀಸ್ ಠಾಣೆಯಲ್ಲ, ಶಿಕ್ಷೆ ಕೊಟ್ಟ ಕೋರ್ಟೇ. ಸರ್ಕಾರಿ ವಕೀಲರು ಕೇಳಬೇಕು. ಈ ವ್ಯಕ್ತಿಯ ನಡವಳಿಕೆಯಿಂದ ಬೇರೆಯವರಿಗೆ ಕಿರುಕುಳ, ಭಯ, ಸಂಕಟ ಆಗಿದೆ ಅಥವಾ ಆಗಬಹುದಿತ್ತು ಎಂದು ಕೋರ್ಟಿಗೆ ಖಚಿತವಾಗಬೇಕು. ಆಮೇಲೆ ಏನು ಮಾಡಕೂಡದು, ಏನು ಮಾಡಲೇಬೇಕು ಎಂದು ಪಟ್ಟಿ ಬರೆಯಬಹುದು.

ಮೇಲುನೋಟಕ್ಕೆ ಒಳ್ಳೆಯದೇ ಅಲ್ವಾ? ಕುಡಿದು ಅದೇ ಬೀದಿಯಲ್ಲಿ ಮತ್ತೆ ಮತ್ತೆ ಗಲಾಟೆ ಮಾಡುವವನನ್ನು ಆ ಬೀದಿಗೆ ಬರಬೇಡ ಅನ್ನಬಹುದು. ಆದರೆ ಈ ಕಾಯ್ದೆಯ ಎರಡು ಅಂಶಗಳನ್ನು ಹತ್ತಿರದಿಂದ ನೋಡಬೇಕು.

ಮೊದಲನೆಯದು, ಸಾಕ್ಷ್ಯ. ಮೂಲ ಕೇಸಿನಲ್ಲಿ ಒಪ್ಪಲಾಗದ ಸಾಕ್ಷ್ಯವನ್ನೂ ಈ ಆದೇಶ ಬರೆಯುವಾಗ ಕೋರ್ಟು ನೋಡಬಹುದು. ಕಾಯ್ದೆಯಲ್ಲೇ ಹಾಗೆ ಇದೆ. ಅಂದರೆ ಮಚ್ಚು ಸಿಕ್ಕ ದಿನಕ್ಕೆ ನೇರ ಸಂಬಂಧ ಇಲ್ಲದ ಹಾಡು, ವಿಡಿಯೋ, ಪೋಸ್ಟುಗಳೂ ಈ ಬಾಗಿಲಿನಿಂದ ಒಳಗೆ ಬರಬಹುದು.

ಎರಡನೆಯದು, ಮುರಿದರೆ ಆಗುವ ಶಿಕ್ಷೆ. ಸಿಬಿಒ ಮುರಿಯುವುದೇ ಒಂದು ಹೊಸ ಅಪರಾಧ. 5 ವರ್ಷದವರೆಗೆ ಜೈಲು ಆಗಬಹುದು. ಮಾಡಿದ ಕೆಲಸ ಬೇರೆ ಯಾರಿಗೂ ಅಪರಾಧ ಅಲ್ಲದಿರಬಹುದು. ಹಾಡು ಹಾಕಿ ತಿಳಿಸಲು ಮರೆತರೂ ಅದು ಅಪರಾಧ, ಆದರೆ ಅವನೊಬ್ಬನಿಗೆ ಮಾತ್ರ.

1011 ಹುಡುಗರಿಗೆ ಬರೆದ ಪಟ್ಟಿ ಹೀಗಿತ್ತು. ವಿಡಿಯೋ ಹಾಕಿದ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಎಲ್ಲಾದರೂ ಹಾಡಲು ಹೋಗುವುದಿದ್ದರೆ ದಿನ ಮತ್ತು ಜಾಗವನ್ನು 48 ಗಂಟೆ ಮುಂಚೆ ಹೇಳಬೇಕು. ಪೊಲೀಸರು ಬಂದು ನೋಡುತ್ತೇವೆ ಅಂದರೆ ಬಿಡಬೇಕು. ಹಾಡಿನಲ್ಲಿ ಕೆಲವರ ಸಾವು, ಗಾಯದ ಮಾತು ಬರಕೂಡದು. ಕೆಲವು ಪೋಸ್ಟ್‌ಕೋಡುಗಳನ್ನು ಗ್ಯಾಂಗಿನ ಅರ್ಥದಲ್ಲಿ ಹೇಳಕೂಡದು.

ಈ ಪಟ್ಟಿಯನ್ನು ನಾನು ಎರಡು ಭಾಗ ಮಾಡಿ ನೋಡುತ್ತೇನೆ. ಸತ್ತವರನ್ನು, ಗಾಯಗೊಂಡವರನ್ನು ಎತ್ತಿ ಆಡಬೇಡ ಎನ್ನುವುದು ಒಪ್ಪುವ ಮಾತು. ಅದರಿಂದ ಒಂದು ಕುಟುಂಬಕ್ಕೆ ನೆಮ್ಮದಿ ಸಿಗುತ್ತದೆ, ಸೇಡಿನ ಸರಣಿಗೆ ಒಂದು ತಡೆ ಬೀಳುತ್ತದೆ. ಯಾರ ಹೆಸರು ಎಂದು ಸ್ಪಷ್ಟ ಇರುವುದರಿಂದ ಮುರಿದನೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಪ್ರತಿ ಹಾಡನ್ನೂ ಪೊಲೀಸರ ಕಣ್ಣೆದುರು ಇಡಬೇಕು ಅನ್ನುವುದು ಬೇರೆ ಜಾತಿಯ ಷರತ್ತು. ಇಲ್ಲಿ ಯಾವ ಸಾಲು ತಪ್ಪು ಎಂದು ಮೊದಲೇ ಗೊತ್ತಿಲ್ಲ. ಒಬ್ಬ ಅಧಿಕಾರಿ ಓದಿ, ತನಗೆ ತಿಳಿದ ಹಾಗೆ ಅರ್ಥ ಮಾಡಿ, ಇದು ಬೆದರಿಕೆ ಎಂದರೆ ಕೇಸು. ಲಾಂಗು-ಮಚ್ಚಿನ ಸಿನಿಮಾ ನೋಡಿ ಬೆಳೆದ ನಮಗೆ ಗೊತ್ತಿದೆ, ತೆರೆಯ ಮೇಲೆ ಹೀರೋ ಹೇಳುವ ಡೈಲಾಗಿಗೂ ಸ್ಟೇಷನ್ನಿನಲ್ಲಿ ಬರೆದುಕೊಳ್ಳುವ ಹೇಳಿಕೆಗೂ ವ್ಯತ್ಯಾಸ ಇದೆ ಎಂದು. ಡ್ರಿಲ್‌ನಲ್ಲಿ ಹಾಡುವವನೂ ಪಾತ್ರವೂ ಒಬ್ಬನೇ ಎಂದು ತೋರಿಸಿಕೊಳ್ಳುವುದೇ ಆಟದ ನಿಯಮ. ಮಾಡದ್ದನ್ನೂ ಮಾಡಿದೆ ಅನ್ನಬೇಕು, ಇಲ್ಲದಿದ್ದರೆ ಕೇಳುವವರಿಲ್ಲ. ಎಷ್ಟು ನಿಜ, ಎಷ್ಟು ಜಂಬ ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಪೊಲೀಸರ ಕಡೆಯ ಮಾತೂ ಇದೆ. ನಾವು ಸಂಗೀತದ ವಿರೋಧಿಗಳಲ್ಲ, ಆದರೆ ಎದುರಾಳಿಯನ್ನು ಕೆಣಕಲೆಂದೇ, ರೊಚ್ಚಿಗೆಬ್ಬಿಸಲೆಂದೇ ಹಾಡು ಬಳಸುವಾಗ ಸುಮ್ಮನಿರಲು ಆಗುವುದಿಲ್ಲ ಎಂದು ಅವರು ಹೇಳಿದರು. 1011 ಮತ್ತು 12ವರ್ಲ್ಡ್ ನಡುವೆ ಹಾಡುಗಳು ಆ ಕೆಲಸ ಮಾಡಿದ್ದು ಸುಳ್ಳಲ್ಲ. ಹಾಗಾಗಿ ಈ ಆದೇಶವನ್ನು ಬರೆದವರು ಕೆಟ್ಟ ಉದ್ದೇಶದಿಂದ ಬರೆದರು ಎಂದು ನಾನು ಹೇಳುವುದಿಲ್ಲ. ಅವರು ಹಿಡಿದ ಆಯುಧ ಮಾತ್ರ ಈ ಕೆಲಸಕ್ಕೆ ಆಗಿಬರುವಂಥದ್ದಲ್ಲ.

ಕಾವಲಿನಲ್ಲಿ ಹಾಡು

ಮುಂದಿನ ವರ್ಷಗಳು ಡಿಗ್ಗಾ ಡಿಗೆ ಒಳಗೆ-ಹೊರಗೆ ಆಟವಾಯಿತು. ಜೈಲು, ಬಿಡುಗಡೆ, ಮತ್ತೆ ಜೈಲು. ಅವನ ಮೇಲಿನ ಆದೇಶ 2025ರವರೆಗೆ ಬೆಳೆಯಿತು. ಹದಿನೇಳಕ್ಕೆ ಶುರುವಾದದ್ದು ಇಪ್ಪತ್ತೈದರ ತನಕ.

ಇದೇ ವರ್ಷಗಳಲ್ಲಿ ಅವನ ಹಾಡು ಮೇಲೇರಿತು. 2019ರಲ್ಲಿ ಮೊದಲ ಮಿಕ್ಸ್‌ಟೇಪ್ 'ಡಬಲ್ ಟ್ಯಾಪ್ ಡೈರೀಸ್' ಬಂತು. 2020ರ ಬೇಸಿಗೆಯಲ್ಲಿ 'ವೋಯ್' ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 12ನೇ ಸ್ಥಾನ ಮುಟ್ಟಿತು. 2021ರಲ್ಲಿ 'ಮೇಡ್ ಇನ್ ದ ಪೈರೆಕ್ಸ್' ಆಲ್ಬಂ ಪಟ್ಟಿಯಲ್ಲಿ 3ನೇ ಸ್ಥಾನ. 2022ರಲ್ಲಿ ಆಗಲೇ ಹೇಳಿದ ಮೊದಲ ಸ್ಥಾನ. ಈ ಹೊತ್ತಿಗೆ ಡ್ರಿಲ್ ಪ್ರಕಾರವೇ ಮನೆಮಾತಾಗಿತ್ತು. 2021ರ ಮೇ ತಿಂಗಳಲ್ಲಿ ಟಿಯಾನ್ ವೇಯ್ನ್ ಮತ್ತು ರಸ್ ಮಿಲಿಯನ್ಸ್ ಹಾಡಿದ 'ಬಾಡಿ' ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯ ತುದಿಗೆ ಹೋದ ಮೊದಲ ಡ್ರಿಲ್ ಹಾಡಾಯಿತು.

2020ರ ನವೆಂಬರ್‌ನಲ್ಲಿ ಬಿಬಿಸಿ ತ್ರೀ 'ಡಿಫೆಂಡಿಂಗ್ ಡಿಗ್ಗಾ ಡಿ' ಎಂಬ ಸಾಕ್ಷ್ಯಚಿತ್ರ ತೋರಿಸಿತು. ಜೈಲಿನಿಂದ ಹೊರಗೆ ಬಂದ ಹುಡುಗ, ಅವನ ವಕೀಲೆ, ಅವನ ಹಾಡು ನೋಡಿಕೊಳ್ಳುವವರು ಈ ಆದೇಶದ ಜೊತೆ ಹೇಗೆ ಬದುಕುತ್ತಿದ್ದಾರೆ ಎಂದು ಅದರಲ್ಲಿ ನೋಡಬಹುದು. ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದರೆ ಚರ್ಚೆ ಮಿಕ್ಸಿಂಗ್ ಬಗ್ಗೆ, ಬಿಡುಗಡೆ ದಿನದ ಬಗ್ಗೆ ಇರುತ್ತದೆ. ಇಲ್ಲಿ ಈ ಸಾಲಿಗೆ ಕೋರ್ಟಿನಲ್ಲಿ ಏನು ಅರ್ಥ ಹೇಳಬಹುದು ಅನ್ನುವುದೂ ಚರ್ಚೆ. ಹಾಡು ಕಟ್ಟುವ ಹೊತ್ತಿನಲ್ಲೇ ವಕೀಲರ ಕಿವಿಯೂ ಬೇಕು.

ಹಾಡಿನ ಒಳಗೂ ಇದರ ಗುರುತು ಬಿತ್ತು. ಲಂಡನ್ ಡ್ರಿಲ್ ಕೇಳಿದವರಿಗೆ ಇದು ಗೊತ್ತು: ಹಾಡು ಭರದಲ್ಲಿ ಹೋಗುತ್ತಿರುತ್ತದೆ, ಒಂದು ಹೆಸರು ಬರಬೇಕಾದ ಜಾಗದಲ್ಲಿ ದನಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬೀಟು ನಿಲ್ಲುವುದಿಲ್ಲ. ಆ ಮಾತಿನ ಜಾಗ ಖಾಲಿ, ಇಲ್ಲವೇ ಒಂದು ಶಬ್ದ ಹಾಕಿ ಮುಚ್ಚಿರುತ್ತಾರೆ. ಆಮೇಲೆ ದನಿ ಮತ್ತೆ ಸೇರಿಕೊಳ್ಳುತ್ತದೆ. ಪ್ರಾಸ ಗೊತ್ತಿರುವ ಹುಡುಗರು ಆ ಖಾಲಿ ಜಾಗವನ್ನು ತಾವೇ ತುಂಬಿಕೊಂಡು ಹಾಡುತ್ತಾರೆ. ಅಲ್ಲಿ ಯಾರ ಹೆಸರಿತ್ತು ಎಂದು ಇಂಟರ್‌ನೆಟ್ಟಿನಲ್ಲಿ ಚರ್ಚೆ ನಡೆಯುತ್ತದೆ. ಹೇಳಬೇಡ ಎಂದದ್ದೇ ಕೇಳುಗರಿಗೆ ಆಟವಾಯಿತು. ಹೆಸರು ಹೇಳಿದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿ ಜನಕ್ಕೆ ತಿಳಿಯಿತೋ ಏನೋ. ಸತ್ತವನ ತಾಯಿಗೆ ಈ ಮೌನದಿಂದ ಏನು ನೆಮ್ಮದಿ ಸಿಕ್ಕೀತು?

ಇನ್ನೊಂದು ವಿಷಯ. ಆದೇಶವೇ ಅವನ ಪ್ರಚಾರವಾಯಿತು. ಪೊಲೀಸರು ಹೆದರುವ ಹಾಡುಗಾರ ಎಂಬ ಬಿರುದು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅವನ ಪ್ರತಿಭೆ ಕಡಿಮೆ ಎಂದು ಇದರ ಅರ್ಥವಲ್ಲ. ಹಳೆಯ ಅಮೆರಿಕನ್ ಹಿಪ್-ಹಾಪ್ ಧಾಟಿಯನ್ನು ಲಂಡನ್ ಮಾತಿನ ಜೊತೆ ಕೂಡಿಸುವುದರಲ್ಲಿ ಅವನಿಗೆ ನಿಜವಾದ ಕಿವಿ ಇದೆ, ಹಾಸ್ಯವೂ ಇದೆ. ಆದರೆ ಸುದ್ದಿಯಲ್ಲಿ ಅವನು ಬಂದಾಗಲೆಲ್ಲ ಸಂಗೀತದ ಮಾತು ಕಡಿಮೆ, ಆದೇಶದ ಮಾತೇ ಮೊದಲು.

ಒಬ್ಬನ ಕಥೆ ಮಾತ್ರ ಅಲ್ಲ

ಬ್ರಿಕ್ಸ್‌ಟನ್ ಕಡೆಯ ಸ್ಕೆಂಗ್ಡೋ ಮತ್ತು ಎಎಮ್ ಎಂಬ ಜೋಡಿಯ ಕೇಸು ಇನ್ನೂ ನೇರವಾದದ್ದು. ಅವರ ಮೇಲಿದ್ದದ್ದು ಶಿಕ್ಷೆಯ ಜೊತೆ ಬಂದ ಆದೇಶವಲ್ಲ, ಗ್ಯಾಂಗುಗಳನ್ನು ತಡೆಯುವ ಸಿವಿಲ್ ತಡೆಯಾಜ್ಞೆ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಒಂದು ಕಾರ್ಯಕ್ರಮದಲ್ಲಿ 'ಅಟೆಂಪ್ಟೆಡ್ 1.0' ಎಂಬ ತಮ್ಮದೇ ಹಾಡನ್ನು ವೇದಿಕೆಯ ಮೇಲೆ ಹಾಡಿದರು. 2019ರ ಜನವರಿಯಲ್ಲಿ ಇಬ್ಬರಿಗೂ 9 ತಿಂಗಳ ಜೈಲು ಶಿಕ್ಷೆ ಆಯಿತು, 2 ವರ್ಷದ ಮಟ್ಟಿಗೆ ಅಮಾನತಿನಲ್ಲಿಟ್ಟರು. ಹಾಡು ಹಾಡಿದ್ದಕ್ಕೇ ಬ್ರಿಟನ್ನಿನಲ್ಲಿ ಜೈಲು ಶಿಕ್ಷೆ ಆದದ್ದು ಇದೇ ಮೊದಲು ಎಂದು ಆಗ ಬರೆದವರು ಬಹಳ ಮಂದಿ. ವಕೀಲರು, ಸಂಗೀತಗಾರರು, ವಿಶ್ವವಿದ್ಯಾಲಯದವರು ಸೇರಿ ಪತ್ರಿಕೆಗೆ ಬಹಿರಂಗ ಪತ್ರ ಬರೆದರು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯ ಮೇಲ್ವಿಚಾರಣಾ ಮಂಡಳಿಯ ಮುಂದೆ ಬಂದ ಪ್ರಕರಣದಲ್ಲಿ ಒಂದು ಲೆಕ್ಕ ಹೊರಬಿತ್ತು. ಚಿಂಕ್ಸ್ ಎಂಬ ರ‍್ಯಾಪರ್‌ನ ಹಾಡಿನ ತುಣುಕನ್ನು ಇನ್‌ಸ್ಟಾಗ್ರಾಮ್ ತೆಗೆದುಹಾಕಿತ್ತು, ಪೊಲೀಸರ ಕೋರಿಕೆಯ ಮೇಲೆ. 2021ರ ಜೂನ್‌ನಿಂದ 2022ರ ಮೇ ವರೆಗೆ ಸಂಗೀತಕ್ಕೆ ಸಂಬಂಧಿಸಿ ಮೆಟ್ರೋಪಾಲಿಟನ್ ಪೊಲೀಸರು ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಕಳಿಸಿದ ಕೋರಿಕೆಗಳು 286. ಅವುಗಳಲ್ಲಿ 255 ಸಲ ಕಂಪನಿಗಳು ಮಾತು ಕೇಳಿ ತೆಗೆದವು. 286 ಕೂಡ ಡ್ರಿಲ್‌ನ ಬಗ್ಗೆಯೇ. ಬೇರೆ ಯಾವ ಸಂಗೀತದ ಬಗ್ಗೆಯೂ ಒಂದು ಕೋರಿಕೆ ಇಲ್ಲ. 2022ರ ನವೆಂಬರ್‌ನಲ್ಲಿ ಮಂಡಳಿ ಆ ಹಾಡನ್ನು ತೆಗೆದದ್ದು ತಪ್ಪು ಎಂದು ಹೇಳಿತು.

ಈ ಲೆಕ್ಕವನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಇಂಗ್ಲೆಂಡಿನಲ್ಲಿ ಕೊಲೆ, ರಕ್ತದ ಮಾತಿರುವ ಹಾಡು ಬೇರೆ ಪ್ರಕಾರಗಳಲ್ಲೂ ಬೇಕಾದಷ್ಟಿದೆ. ಬಿಳಿಯ ಹುಡುಗರು ಗಿಟಾರ್ ಹಿಡಿದು ಹಾಡಿದರೆ ಅದು ಕಲ್ಪನೆ. ಕೌನ್ಸಿಲ್ ಮನೆಯ ಕಪ್ಪು ಹುಡುಗ ಹಾಡಿದರೆ ಅದು ತಪ್ಪೊಪ್ಪಿಗೆ. ಡ್ರಿಲ್‌ಗೂ ನಿಜವಾದ ಗ್ಯಾಂಗುಗಳಿಗೂ ನಂಟು ಇದೆ, ಆದ್ದರಿಂದ ಜಾಸ್ತಿ ಕಣ್ಣಿಟ್ಟಿದ್ದಾರೆ ಎಂದು ಹೇಳಬಹುದು. ಅದು ಅರ್ಧ ಉತ್ತರ. ಬೇರೆ ಎಲ್ಲ ಪ್ರಕಾರಗಳಿಗೂ ಸೇರಿ ಸೊನ್ನೆ ಅನ್ನುವುದಕ್ಕೆ ಅದು ಸಾಲುವುದಿಲ್ಲ.

ಗಾಂಜಾ ಕೇಸು

2023ರ ಆಗಸ್ಟ್‌ನಲ್ಲಿ ಡಿಗ್ಗಾ ಡಿಯ ಇನ್ನೊಂದು ಮಿಕ್ಸ್‌ಟೇಪ್ ಬಂತು, 'ಬ್ಯಾಕ್ ಟು ಸ್ಕ್ವೇರ್ ಒನ್'. ಆಗ ಅವನು ಲಂಡನ್ ಬಿಟ್ಟು ಲಿಂಕನ್‌ಶೈರ್‌ನಲ್ಲಿ ಇದ್ದ. ಹೊಲಗದ್ದೆಗಳ ಜಿಲ್ಲೆ ಅದು, ಹಳೆಯ ಏರಿಯಾದಿಂದ ಬಹಳ ದೂರ. 2024ರ ಫೆಬ್ರುವರಿಯಲ್ಲಿ ಇನ್‌ಸ್ಟಾಗ್ರಾಮ್ ಲೈವ್‌ನಲ್ಲಿ ಮಾತಾಡುತ್ತಿದ್ದಾಗಲೇ ಪೊಲೀಸರು ಮನೆಯೊಳಗೆ ನುಗ್ಗಿದರು. ನೋಡುತ್ತಿದ್ದ ಅಭಿಮಾನಿಗಳ ಕಣ್ಣೆದುರೇ ಅವನ ಬಂಧನ ಆಯಿತು. ಆ ತುಣುಕು ಕ್ಷಣದಲ್ಲಿ ಎಲ್ಲ ಕಡೆ ಹರಡಿತು.

ಮತ್ತೆ ಹಾಡಿಗಾಗಿ ಹಿಡಿದರು ಎಂದು ಆ ರಾತ್ರಿ ತುಂಬ ಜನ ಬರೆದರು. ಆದರೆ ಕೇಸು ಗಾಂಜಾ ಪೂರೈಕೆಯದ್ದು. ಅವನು ತಪ್ಪೊಪ್ಪಿಕೊಂಡ. ನವೆಂಬರ್‌ನಲ್ಲಿ ಲಿಂಕನ್ ಕ್ರೌನ್ ಕೋರ್ಟು 3 ವರ್ಷ 11 ತಿಂಗಳ ಶಿಕ್ಷೆ ಕೊಟ್ಟಿತು.

ಅಭಿಮಾನಿಗಳಿಗೆ ಇದು ಒಪ್ಪಲು ಕಷ್ಟ ಆಯಿತು. ನನಗೂ ಬೇಜಾರಾಯಿತು. ಆಲ್ಬಂ ಪಟ್ಟಿಯ ತುದಿ ಮುಟ್ಟಿದವನಿಗೆ ಆ ದಂಧೆ ಯಾಕೆ ಬೇಕಿತ್ತು ಅನ್ನುವ ಪ್ರಶ್ನೆ ಯಾರಿಗೂ ಬರುವಂಥದ್ದೇ. ಆದರೆ ಬೇಜಾರಿನ ಹೆಸರಲ್ಲಿ ಇದನ್ನೂ ಪೊಲೀಸ್ ದೌರ್ಜನ್ಯದ ಲೆಕ್ಕಕ್ಕೆ ಸೇರಿಸಿದರೆ ಉಳಿದ ವಾದಕ್ಕೂ ಬೆಲೆ ಇಲ್ಲದಂತಾಗುತ್ತದೆ. ಅದು ಮಾಲಿನ ಕೇಸು, ಮಾತಿನ ಕೇಸಲ್ಲ. ಮಾರಿದೆ ಎಂದು ಅವನೇ ಒಪ್ಪಿದ್ದಾನೆ.

ಇನ್ನೊಂದು ಪಕ್ಷದವರು ಇದೇ ಶಿಕ್ಷೆಯನ್ನು ತೋರಿಸಿ ನೋಡಿ, ಹಾಡಿನ ಮೇಲೆ ಕಣ್ಣಿಟ್ಟದ್ದು ಸರಿಯಾಗಿತ್ತು ಅನ್ನುತ್ತಾರೆ. ಅದು ಉಲ್ಟಾ. ಆರು ವರ್ಷ ಪ್ರತಿ ಹಾಡಿನ ಸಾಲನ್ನೂ ಓದುವ ಅಧಿಕಾರ ಪೊಲೀಸರಿಗೆ ಇತ್ತು. ಅಷ್ಟೆಲ್ಲ ಇದ್ದೂ ಅವನು ಅಪರಾಧದಿಂದ ದೂರ ಉಳಿಯಲಿಲ್ಲ. ಕೊನೆಗೆ ಅವನು ಜೈಲಿಗೆ ಹೋದದ್ದು ಮಾಮೂಲಿ ಮಾದಕವಸ್ತು ಕಾನೂನಿನ ಕೆಳಗೆ, 2017ರ ಕೇಸಿನಲ್ಲಿ ಹೋದದ್ದು ಮಾಮೂಲಿ ಹಿಂಸೆಯ ಕಾನೂನಿನ ಕೆಳಗೆ. ಎರಡು ಸಲವೂ ಪೊಲೀಸರು ಹಿಡಿದದ್ದು ಕೆಲಸವನ್ನು. ಮಧ್ಯದ ವರ್ಷಗಳಲ್ಲಿ ಹಿಡಿಯಲು ಹೋದದ್ದು ಮಾತನ್ನು. ಆ ಮಾತಿನ ಕಾವಲಿನಿಂದ ಲಂಡನ್ನಿನ ಯಾವ ಬೀದಿಗೆ ಎಷ್ಟು ಶಾಂತಿ ಬಂತು ಎಂದು ತೋರಿಸುವ ಹೊಣೆ ಅದನ್ನು ಕೇಳಿದವರದ್ದು.

ಕಾನೂನಿನಲ್ಲಿ ಏನು ಬದಲಾಗಬೇಕು

ಡ್ರಿಲ್ ಹಾಡುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಓದುವುದರ ವಿರುದ್ಧ ಈಗ ದೊಡ್ಡ ದನಿ ಎದ್ದಿದೆ. ಬ್ರಿಟನ್ನಿನಲ್ಲಿ 'ಆರ್ಟ್ ನಾಟ್ ಎವಿಡೆನ್ಸ್' ಎಂಬ ಚಳವಳಿ 2023ರ ನವೆಂಬರ್‌ನಲ್ಲಿ ಶುರುವಾಯಿತು. ಹಾಡು, ಕವಿತೆಯನ್ನು ಸಾಕ್ಷಿಯಾಗಿ ಒಪ್ಪುವ ಮುಂಚೆ ನ್ಯಾಯಾಧೀಶರು ಗಟ್ಟಿ ಪರೀಕ್ಷೆ ಮಾಡಬೇಕು ಅನ್ನುವುದು ಅವರ ಒತ್ತಾಯ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2022ರ ಸೆಪ್ಟೆಂಬರ್‌ನಲ್ಲೇ ಅಂಥ ಕಾನೂನು ಮಾಡಿದೆ. ಹಾಡಿನಿಂದ ತೀರ್ಪುಗಾರರ ಮನಸ್ಸಿನಲ್ಲಿ ಪೂರ್ವಗ್ರಹ ಹುಟ್ಟುವ ಅಪಾಯವನ್ನು ಅಲ್ಲಿನ ನ್ಯಾಯಾಧೀಶರು ತೂಗಿ ನೋಡಲೇಬೇಕು.

ಇವು ಒಳ್ಳೆಯ ಹೆಜ್ಜೆಗಳು. ಆದರೆ ಡಿಗ್ಗಾ ಡಿ ಪ್ರಕರಣಕ್ಕೆ ಇವು ಮುಟ್ಟುವುದಿಲ್ಲ. ಅವನ ಹಾಡಿನ ಕಾವಲು ಶುರುವಾದದ್ದು ತೀರ್ಪು ಬಂದ ಮೇಲೆ. ಸಿಬಿಒ ಬರೆಯುವಾಗ ಸಾಕ್ಷ್ಯದ ನಿಯಮಗಳು ಸಡಿಲ ಅನ್ನುವುದನ್ನು ಆಗಲೇ ನೋಡಿದೆವು. ವಿಚಾರಣೆಯ ಬಾಗಿಲು ಮುಚ್ಚಿದರೂ ಈ ಹಿತ್ತಲ ಬಾಗಿಲು ತೆರೆದೇ ಇರುತ್ತದೆ.

ಆದ್ದರಿಂದ ಆದೇಶವನ್ನೇ ಬೇರೆ ರೀತಿ ಬರೆಯಬೇಕು. ಯಾರ ಹೆಸರು ಹೇಳಬಾರದು ಎಂದು ಸತ್ತವರ, ಗಾಯಗೊಂಡವರ ಪಟ್ಟಿ ಅದರಲ್ಲಿ ಇರಲಿ. ಆ ಪಟ್ಟಿಗೆ ಯಾರನ್ನು ಸೇರಿಸಬೇಕು ಎಂದು ಅವರ ಮನೆಯವರನ್ನು ಕೇಳಲಿ. ಹೆಸರಿನ ಜಾಗ ಖಾಲಿ ಬಿಟ್ಟು ಗೇಲಿ ಮಾಡಿದರೂ ಅದು ಮುರಿದಂತೆಯೇ ಎಂದು ಬರೆಯಲಿ. ಅದರಾಚೆ, ಎಲ್ಲ ಹಾಡನ್ನೂ ಪೊಲೀಸರಿಗೆ ಒಪ್ಪಿಸುವ ಷರತ್ತು ತೆಗೆಯಲಿ. ಒಂದು ಸಾಲು ಬೆದರಿಕೆ ಎಂದು ದೂರು ಬಂದರೆ ಆ ಸಂಗೀತ ಬಲ್ಲ, ಪೊಲೀಸ್ ಇಲಾಖೆಯ ಹೊರಗಿನವರೊಬ್ಬರು ಕೋರ್ಟಿಗೆ ಅರ್ಥ ಹೇಳಲಿ. ಈಗಿನ ಕಾಯ್ದೆಯಲ್ಲಿ ವರ್ಷಕ್ಕೊಮ್ಮೆ ಮರುಪರಿಶೀಲನೆ ಕಡ್ಡಾಯ ಇರುವುದು 18 ತುಂಬದವರಿಗೆ ಮಾತ್ರ. ಡಿಗ್ಗಾ ಡಿಗೆ 2018ರ ಜೂನ್ ಕೊನೆಗೇ ಹದಿನೆಂಟು ತುಂಬಿತ್ತು. ಆ ಮರುಪರಿಶೀಲನೆಯನ್ನು ವಯಸ್ಸು ನೋಡದೆ ಎಲ್ಲರಿಗೂ ಕೊಡಬೇಕು.